ವಾಲ್ಟರನ ಶುಗರ್

ಮಧ್ಯಾಹ್ನದ ಪಾತ್ರೆ ತೊಳೆದು ಎಸ್ತೆರ್ ಆಗಷ್ಟೇ ಸೋಫಾದಲ್ಲಿ ಕಾಲು ಚಾಚಿದ್ದಳು, ಮೊಬೈಲ್ ಕೂಗಿಕೊಂಡಿತು. ಗಂಡ ವಾಲ್ಟರನ ಸಕ್ಕರೆ ಇಳಿಯುತ್ತಿತ್ತು. ಕಳೆದ ವರ್ಷ ಡಾಕ್ಟರು ಅವನ ತೋಳಿನ ಚರ್ಮದಡಿ ರಕ್ತದ ಸಕ್ಕರೆ ಅಳೆಯುವ, ಅಕ್ಕಿಕಾಳಿನಷ್ಟು ಜೆಲ್ ಸೆನ್ಸರ್ ಇಟ್ಟಂದಿನಿಂದ ಅವನ ಮೈಯೊಳಗಿನ ಏರಿಳಿತವೆಲ್ಲ ಇವಳ ಮೊಬೈಲಿಗೇ ಬರುತ್ತಿತ್ತು. ಹಂಪನಕಟ್ಟೆಯ ಬಸ್ಸಿನಲ್ಲಿ, ಇಗರ್ಜಿಯ ಬಲಿಪೂಜೆಯ ನಡುವೆ, ಅರೆನಿದ್ದೆಯಲ್ಲಿ, ಅದು ಕೂಗಿದಾಗಲೆಲ್ಲ ಎದ್ದು ಓಡಿದವಳು ಅವಳೇ. ಇವತ್ತು ಕಾಲು ಏಳಲಿಲ್ಲ.

"ಎಸ್ತೆರ್, ಮೊಬೈಲ್ ಹೊಡ್ಕೊಳ್ತಾ ಉಂಟು," ಎಂದ ವಾಲ್ಟರ್, ಪಕ್ಕದ ಕುರ್ಚಿಯಲ್ಲಿ ಟಿವಿಯಿಂದ ಕಣ್ಣು ತೆಗೆಯದೆ.

"ಹೊಡ್ಕೊಳ್ಳುವುದು ನಿಮ್ಮ ಶುಗರ್," ಎಂದು ಅವಳು ಮೊಬೈಲನ್ನು ಅವನ ಮಡಿಲಲ್ಲಿಟ್ಟಳು. "ನನಗೆ ಸಾಕಾಯ್ತು ಮಾರಾಯ್ರೆ. ನೀವೇ ನೋಡಿ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕನ್ನಡಕ ಹಾಕಿ, ಮೊಬೈಲನ್ನು ದೂರ ಹಿಡಿದು ಓದಿದ. "ಅರವತ್ತೆಂಟು. ಇದು ಹೆಚ್ಚಾ, ಕಡಿಮೆಯಾ?"

ಇಷ್ಟು ದಿನದಲ್ಲಿ ಅವನು ಹೀಗೆ ಕೇಳಿದ್ದು ಇದೇ ಮೊದಲು. ಎಸ್ತೆರಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡಕ್ಕೂ ತ್ರಾಣವಿರಲಿಲ್ಲ. "ಕಡಿಮೆ. ನೀರಿಗೆ ಸಕ್ಕರೆ ಹಾಕಿ ಕುಡಿಯಿರಿ."

ವಾಲ್ಟರ್ ಕುರ್ಚಿಯ ಕೈ ಹಿಡಿದು ನಿಧಾನ ಎದ್ದ. ಅಡುಗೆಮನೆಯಲ್ಲಿ ಒಂದೊಂದೇ ಡಬ್ಬದ ಮುಚ್ಚಳ ತೆರೆಯುವ ಸದ್ದಾಯಿತು.

"ಸಕ್ಕರೆ ಎಲ್ಲಿ ಉಂಟು?"

ಅವಳು ಏಳಲು ಹೋಗಿ ಮತ್ತೆ ಒರಗಿದಳು. "ಚಾಪುಡಿಯ ಪಕ್ಕ."

ಲೋಟದಲ್ಲಿ ಚಮಚ ತಿರುಗುವ ಸದ್ದು ಕೇಳಿದ ಮೇಲೆ ಅವಳು ಕಣ್ಣು ಮುಚ್ಚಿದಳು.