ಕರಾರಿನಲ್ಲಿ ಬರೆಯದ್ದು

"ನಾಳೆ ಸಂಜಿಗೆ ಪಂಚಕ ಹತ್ತತದ ಕಸ್ತೂರಿ, ಐದು ದಿನ ಕೆಟ್ಟ ನಕ್ಷತ್ರ. ಅಷ್ಟರೊಳಗ ನಿಮ್ಮ ಮಾವನವರನ್ನ ಕಮಲಾಪುರದ ನಿಮ್ಮ ಸ್ವಂತ ಮನಿಗೆ ಒಯ್ದುಬಿಡ್ರಿ," ಎಂದು ಮನೆಯೊಡತಿ ಸರಸ್ವತೀಬಾಯಿ ಪಂಚಾಂಗ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಒಳಗೆ ಮಾವ ಅಮೋಘಸಿದ್ದ ಗೊರಗೊರ ಉಸಿರಾಡುತ್ತ ಮಲಗಿದ್ದ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ದವಾಖಾನೆಯವರು ಕಳಿಸಿ ಮೂರು ದಿನವಾಗಿತ್ತು.

"ಅಷ್ಟು ದೂರ ಒಯ್ದ್ರ ಹಾದ್ಯಾಗೇ ಜೀವ ಹೋಗ್ತದಂತ ಡಾಕ್ಟರು ಹೇಳ್ಯಾರ್ರೀ ಬಾಯಿ."

"ಪಂಚಕದಾಗ ಇಲ್ಲೇ ಹೋದ್ರ ಆರು ತಿಂಗಳು ಮನಿಗೆ ಬೀಗ ಹಾಕಬೇಕವಾ. ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ?"

ಕಸ್ತೂರಿಗೆ ಮೈಯೆಲ್ಲ ಉರಿದುಹೋಯಿತು. ಅಯ್ಯೋ ಶಿವನೇ, ಸಾಯುವುದಕ್ಕೂ ಮುಹೂರ್ತ ಕೇಳಬೇಕೇ! ಬೆಳಗಾಗುತ್ತಲೇ ಬಾಡಿಗೆ ಕರಾರು ಹಿಡಿದು ಕೋರ್ಟಿನ ಉಚಿತ ಕಾನೂನು ನೆರವಿನ ಕಚೇರಿಗೆ ಹೋದಳು. ಅಲ್ಲಿದ್ದ ವಕೀಲೆ ಹಾಳೆ ತಿರುವಿ ನೋಡಿ, "ಕೋರ್ಟಿನ ಆದೇಶ ಇಲ್ಲದ ನಿಮ್ಮನ್ನ ಯಾರೂ ಹೊರಗ ಹಾಕಂಗಿಲ್ಲ, ನೀರು ಕರೆಂಟು ಬಂದ್ ಮಾಡಂಗಿಲ್ಲ. ಮನ್ಯಾಗ ಸಾಯಬಾರದು ಅಂತ ಇದ್ರಾಗ ಎಲ್ಲೂ ಬರ್ದಿಲ್ಲ ತಗೋರಿ," ಎಂದು ಒಂದು ಚೀಟಿಯನ್ನೂ ಬರೆದುಕೊಟ್ಟಳು.

ಸರಸ್ವತೀಬಾಯಿ ಆ ಚೀಟಿಯನ್ನು ಚಷ್ಮಾ ಹಾಕಿಕೊಂಡು ಎರಡು ಸಲ ಓದಿದರು. "ಖರೆ ಅದ. ನಾ ನಿಮಗ ಮನಿ ಬಿಡ್ರಿ ಅನ್ನಂಗಿಲ್ಲ," ಎಂದರು. ಕಸ್ತೂರಿ ಗೆದ್ದೆನೆಂದುಕೊಂಡು ಹೊರಟವಳು, ಹಿಂದಿನಿಂದ ಬಂದ ಮಾತಿಗೆ ಅಲ್ಲೇ ನಿಂತಳು.

"ಇದ್ದ ಮನಿ ಬಿಡಿಸಬಾರದು ಅಂತ ಕಾಯ್ದೆ ಅದ ಕಸ್ತೂರಿ. ಪಂಚಕದಾಗ ಹೆಣ ಬಿದ್ದ ಮನಿಯವ್ರಿಗೆ ಮುಂದ ಇನ್ನೊಂದು ಮನಿ ಕೊಡಲೇಬೇಕು ಅಂತ ಕಾಯ್ದೆ ಎಲ್ಲಿ ಅದ?"

ಮುದುಕಿ ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು. ಕರಾರು ಮುಗಿಯಲು ಇನ್ನು ಎರಡೇ ತಿಂಗಳಿತ್ತು. ಈ ಎರಡು ಕೋಣೆ ಸಿಗುವ ಮೊದಲು ಕಸ್ತೂರಿ, ಅವಳ ಗಂಡ ರೇವಣ ಇಬ್ಬರೂ ಊರಿನ ಕೋಟೆಯ ಸುತ್ತ ಹದಿನಾಲ್ಕು ಮನೆ ಅಲೆದಿದ್ದರು. ಒಬ್ಬರು ಜಾತಿ ಕೇಳಿದ್ದರು, ಇನ್ನೊಬ್ಬರು ಖಂಡ ತಿನ್ನುತ್ತೀರೇನು ಎಂದಿದ್ದರು. ಓಣಿಯಲ್ಲಿ ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು ಬೇಕು? ಆ ಸಂಜೆಯಿಂದ ಅವಳು ಮಾವನಿಗೆ ಗಂಜಿ ಕುಡಿಸುವಾಗಲೆಲ್ಲ ಪಂಚಕ ಕಳೆಯಲು ಇನ್ನೆಷ್ಟು ದಿನ ಉಳಿಯಿತೆಂದು ಎಣಿಸತೊಡಗಿದಳು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಪಂಚಕದ ಮೂರನೆಯ ಬೆಳಿಗ್ಗೆ ಅಮೋಘಸಿದ್ದನ ಗೊರಗೊರ ನಿಂತುಹೋಯಿತು. ರೇವಣ "ಯಪ್ಪಾ" ಎಂದು ಬಾಯಿ ತೆಗೆಯುವಷ್ಟರಲ್ಲಿ ಕಸ್ತೂರಿ ಅವನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಅಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಕಮಲಾಪುರದಾಗ ಅಳೂಣು."

ರೇವಣ ಹೆಂಡತಿಯನ್ನು ದಿಟ್ಟಿಸಿ ನೋಡಿದ. ಆಮೇಲೆ ತಾನೇ ಎದ್ದು ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ. ಗದ್ದ ಜಾರದಂತೆ, ಥಂಡಿಗೆ ಕಟ್ಟಿದ ಹಾಗೆ, ತಲೆಗೂ ಕಿವಿಗೂ ಟವೆಲ್ಲು ಬಿಗಿದ. ಗುರುತಿನ ಮೈಬೂಬ ತನ್ನ ಆಟೊ ತಂದ. ಮುದುಕನನ್ನು ಹಿಡಿದೆತ್ತಲು ಕೈಹಚ್ಚಿದವನೇ ಮೈ ತಣ್ಣಗಾದದ್ದು ತಿಳಿದು ತಡೆದ, ಆಮೇಲೆ ಹೋಗಿ ಹ್ಯಾಂಡಲ್ ಹಿಡಿದು ಕೂತ. ಗಂಡ ಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ಕೂತು ನಡುವೆ ಮುದುಕನನ್ನು ಆನಿಸಿಕೊಂಡರು.

ಸರಸ್ವತೀಬಾಯಿ ತೀರ್ಥದ ಬಟ್ಟಲು ಹಿಡಿದು ಓಡುತ್ತ ಬಂದರು. ಕಣ್ಣು ತುಂಬಿದ್ದವು. "ನಾ ಅಂದ ಮಾತಿಗೇ ಒಯ್ಲಿಕತ್ತೀರೇನವಾ? ತಡಿ, ಒಂದು ಗುಟುಕು ತೀರ್ಥ ಹಾಕ್ತೀನಿ."

"ಬ್ಯಾಡ್ರೀ ಬಾಯಿ, ಈಗರೆ ಚಾ ಕುಡ್ದಾರ."

"ಹಂಗಾರ ಸಾವಕಾಶ ಹೋಗ್ರಿ. ರಸ್ತಾ ಖರಾಬ್ ಅದ, ಅವ್ರಿಗೆ ಧಕ್ಕಿ ಹತ್ತೀತು."

ಕಸ್ತೂರಿ ಮಾವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಂದಿನ ಕಬ್ಬಿಣದ ಸರಳಿಗೆ ಸುತ್ತಿದಳು. ಮೇಲೆ ತನ್ನ ಕೈಯಿಟ್ಟು ಅದುಮಿ ಹಿಡಿದು, ಸರಸ್ವತೀಬಾಯಿಗೆ ಕೇಳುವಂತೆ ಹೇಳಿದಳು: "ಮಾವಾ, ಗಟ್ಟಿ ಹಿಡ್ಕೋರಿ."