ಕೆಂಪಾದ ಉಡಿದಾರ

ಆ ಸೀಮೆಯಲ್ಲಿ ಹುಟ್ಟಿದ ಕೂಸಿಗೆಲ್ಲ ಸೊಂಟಕ್ಕೆ ಕರಿ ಉಡಿದಾರ ಕಟ್ಟುತ್ತಿದ್ದರು. ಹೊಟ್ಟೆಯ ಸುತ್ತ ಬೊಜ್ಜು ಕೂತಂತೆಲ್ಲ ದಾರ ಹಳದಿಗೆ ತಿರುಗುತ್ತಿತ್ತು. ಕರುಳೊಳಗೆ ಗಂಟು ಮೊಳೆತರೆ ಕೆಂಪಾಗುತ್ತಿತ್ತು. ಕೆಂಪು ದಾರವನ್ನು ಹರಿದು ಹೊಳೆಗೆ ಬಿಟ್ಟು ಹೊಸದು ಕಟ್ಟಿದರೆ ಕೇಡು ಕಳೆಯಿತೆಂದು ಊರಿನ ನಂಬಿಕೆ.

ಮಠದ ದಾಸೋಹದಲ್ಲಿ ಹುಗ್ಗಿ ಬೇಯಿಸುವ ಶಾಂಭವ್ವನ ದಾರ ಅಂದು ಬೆಳಿಗ್ಗೆ ಮೀಯುವಾಗ ಕುಂಕುಮದಷ್ಟು ಕೆಂಪಗಿತ್ತು. ಅತ್ತೆ ಗುರುಬಸವ್ವ ಆಗಲೇ ಕುಡುಗೋಲು, ಹೊಸ ದಾರ ಹಿಡಿದು ಬಂದಳು.

"ಗುಡಾಣದಂಥಾ ಹೊಟ್ಟಿ ಬೆಳೆಸಿದ್ರ ಇನ್ನೇನಾಗ್ತೈತಿ? ಬಾ, ಯಾರರೆ ನೋಡೂದ್ರಾಗ ಹರೀತೀನಿ."

"ಮುಟ್ಟಬ್ಯಾಡ್ರಿ ಅತ್ತಿ. ನಿಮ್ಮ ಮಗನ ದಾರಾನೂ ಹಿಂಗ ಹರಿದ್ರಿ. ದಾರ ಹೊಳಿಗಿ ಹೋತು, ಗಂಟು ಹೊಟ್ಟ್ಯಾಗ ಉಳೀತು. ಹೊಸ ದಾರಕ್ಕ ಬಣ್ಣ ಹತ್ತೂದ್ರಾಗ ಅದು ಹುಣ್ಣಾಗಿ ನನ್ನ ಗಂಡನ್ನ ನುಂಗಿತು."

"ಹಂಗಾರ ಆಸ್ಪತ್ರಿಗಿ ಹೋಗಿ ಹಿಂದಿನಿಂದ ನಳಿಗಿ ಹಾಕಿಸ್ಕೋತೀಯೇನ? ನಾಚಿಕಿ ಇಲ್ಲ?"

"ಇಲ್ರಿ. ಶಿವಾನ ತೋರಿಸ್ಯಾನ. ತೋರಿಸಿದ್ದನ್ನ ಹರಿದು ಒಗದ್ರ ಅದೆಂಥಾ ಭಕ್ತಿ? ಗಂಟು ಇನ್ನೂ ಸಣ್ಣದೈತಿ, ತಗೀತಾರ."

ಶಾಂಭವ್ವ ವಿಭೂತಿ ಧರಿಸಿದಳು. ದಾರವನ್ನು ಸೀರೆಯ ಮೇಲೆ ಕಾಣುವಂತೆ ಎಳೆದುಕೊಂಡು ನಡುಬೀದಿಯಲ್ಲೇ ಬಸ್ಸಿಗೆ ಹೊರಟಳು. ಕಟ್ಟೆಯ ಮೇಲೆ ಕೂತ ಗಂಡಸರು ಮುಖ ತಿರುಗಿಸಿದರು. ಅವಳು ಅವರೆದುರೇ ನಿಂತಳು.

"ಚೆಂದಗೆ ನೋಡ್ರಪ್ಪಾ. ಮುದುಕರಾದ್ರೂ ಸೊಂಟಕ್ಕ ಹೊಸಾ ಕರಿ ದಾರ ಇದ್ದವರು, ಕೆಂಪಂದು ಹರಿದು ಹೊಳಿಗಿ ಬಿಟ್ಟವರು ಯಾರ್ಯಾರದೀರಿ, ಏಳ್ರಿ. ಬಸ್ಸಿನ್ಯಾಗ ಇನ್ನೂ ಜಾಗಾ ಐತಿ."