ಗಟ್ಟಿ ಮಗಳು

ಅಮ್ಮ ನೋವಿನ ಮಾತ್ರೆಯ ಡಬ್ಬಿಯನ್ನು ಮಗಳ ಅಂಗೈಗೆ ತುರುಕಿ, "ನಿನ್ನ ತಮ್ಮನ ಕಣ್ಣಿಗೆ ಬೀಳದ ಹಾಗೆ ಇಡು. ನೀನಾದ್ರೆ ಗಟ್ಟಿ," ಎಂದು ಪಿಸುಗುಟ್ಟಿದಳು. ಒಳಗೆ ಸೊಂಟದ ಆಪರೇಷನ್ ಮುಗಿಸಿ ಬಂದ ಅಪ್ಪ ನರಳುತ್ತಿದ್ದ. ಹೊರಕೋಣೆಯಲ್ಲಿ ತಮ್ಮ ಫ್ಯಾನು ಬಿಚ್ಚಿ ಹರಡಿಕೊಂಡು ಸಿಳ್ಳೆ ಹಾಕುತ್ತಿದ್ದ.

ಅಫೀಮಿನ ಅಂಶವಿರುವ ಇಂಥದೇ ಮಾತ್ರೆಗಳ ಚಟ ಬಿಡಿಸಿಕೊಳ್ಳಲು ಅಕ್ಕ ತಮ್ಮ ಇಬ್ಬರೂ ಒಂದೇ ಆಸ್ಪತ್ರೆ ಸೇರಿದ್ದರು. "ಅವನು ಹಳೇ ಗೆಳೆಯರಿಂದ ದೂರ ಇರಲಿ. ನಿಮಗೆ ಮಾತ್ರ ಟೆನ್ಷನ್ನೇ ಶತ್ರು. ತುಂಬಾ ಹೆಂಗಸರು ಮತ್ತೆ ಜಾರೋದು ಅಲ್ಲೇ," ಎಂದು ಮನೆಗೆ ಕಳಿಸುವಾಗ ಡಾಕ್ಟರು ಅವಳಿಗೆ ಹೇಳಿದ್ದರು. ಬೆಳಿಗ್ಗೆಯಷ್ಟೇ, ಬೇರೆಯಾಗಿದ್ದ ಗಂಡ ಫೋನಿನಲ್ಲಿ, "ಮಗೂನ ಇನ್ನು ನಿನ್ನ ಹತ್ರ ಕಳಿಸಲ್ಲ," ಎಂದು ಕೂಗಾಡಿದ್ದ. ಆ ಟೆನ್ಷನ್ ಇನ್ನೂ ಇಳಿದಿರಲಿಲ್ಲ.

ಅಡುಗೆಮನೆಗೆ ಹೋಗಿ ಕಪಾಟಿನ ಬಾಗಿಲು ತೆಗೆದಳು. ಡಬ್ಬಿಯನ್ನು ಒಳಗಿಡಲು ನೋಡಿದರೆ, ಹೆಬ್ಬೆರಳು ಆಗಲೇ ಅದರ ಮುಚ್ಚಳ ತಿರುಗಿಸಿಬಿಟ್ಟಿತ್ತು. ಯಾವಾಗ ತಿರುಗಿಸಿದೆನೆಂದು ಅವಳಿಗೇ ತಿಳಿಯಲಿಲ್ಲ.

"ಅಮ್ಮಾ!" ಎಂದು ಕಿರುಚಿದಳು. "ಇದನ್ನ ನನ್ನ ಕೈಯಿಂದ ಕಿತ್ಕೋ. ಈಗಲೇ!"

ಓಡಿಬಂದ ಅಮ್ಮ ಗಾಬರಿಯಲ್ಲಿ ಮೊದಲು ಹೊರಕೋಣೆಯ ಮಗನ ಕಡೆಗೇ ತಿರುಗಿದಳು. ಆಮೇಲೆ ಮಗಳ ಕೈ ಕಂಡಿತು. ಹತ್ತಿರ ಬಂದು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.